ಘಾಟ್ಕೋಪರ್‌ನಲ್ಲಿ ಒಡೆದ ಭರಣಿಯನ್ನು ಕೂಡಿಸಿದ ಬಗೆ

ಜೂನ್ ಮೊದಲ ವಾರ. ಉಡುಪಿಯಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಬೆಳಿಗ್ಗೆ ಮುಂಬೈಯ ಕುರ್ಲಾ ಟರ್ಮಿನಸ್‌ನಲ್ಲಿ ಇಳಿದಿದ್ದೆ. ಜೊತೆಗೆ ಅಮ್ಮನ ಭರಣಿ. ಕಂದು ಕೊರಳು, ಬಿಳಿ ಹೊಟ್ಟೆ, ಒಳಗೆ ಮಿಡಿ ಉಪ್ಪಿನಕಾಯಿ. ಎರಡು ಹಳೆ ಬೈರಾಸು ಸುತ್ತಿ, ಮಗುವಿನ ಹಾಗೆ ರಾತ್ರಿಯಿಡೀ ಪಕ್ಕದಲ್ಲೇ ಮಲಗಿಸಿಕೊಂಡು ಬಂದದ್ದು. ಇನ್ನೇನು ಮನೆ ಬಂತಲ್ಲ ಅಂತ ಲೋಕಲ್ ಹತ್ತುವ ಮೊದಲು ಬೈರಾಸು ಬಿಚ್ಚಿ ಮಡಚಿಟ್ಟೆ. ಬುದ್ಧಿ ನೋಡಿ.

ಘಾಟ್ಕೋಪರ್‌ನಲ್ಲಿ ಮೆಟ್ರೋದಿಂದ ಇಳಿದವರೆಲ್ಲ ನುಗ್ಗಿದರು. ಒಬ್ಬ ಕಾಲೇಜು ಹುಡುಗಿಯ ಬ್ಯಾಗು ನನ್ನ ಚೀಲಕ್ಕೆ ತಗುಲಿತು. ಢಪ್. ನಮ್ಮ ಮನೆಯಿರುವ ಮುಲುಂದ್‌ಗೆ ಐದೇ ಸ್ಟೇಷನ್ ಇತ್ತು.

ಒಡೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಕಾಲು ಅಲ್ಲಾಡಿಸದೆ ಇರುವುದು. ಚೂರು ತುಳಿದರೆ ಕಾಲಿಗೂ ನೋವು, ಚೂರಿಗೂ ಪೆಟ್ಟು. ಎರಡನೆಯದು, ಬೈಯುವುದನ್ನು ಒಂದು ಸ್ಟೇಷನ್ ಮುಂದೂಡುವುದು. ನಾನು ಬಾಯಿ ತೆರೆದೇ ಇದ್ದೆ. ಅಷ್ಟರಲ್ಲಿ ಆ ಹುಡುಗಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತುಂಡು ಹೆಕ್ಕುತ್ತಿದ್ದಳು. ಕಣ್ಣಲ್ಲಿ ನೀರು. 'ಆಂಟಿ, ಬಿಸಾಡ್ಬೇಡಿ, ಅಂಟಿಸಬಹುದು' ಅಂತ ಹಿಂದಿಯಲ್ಲಿ ಹೇಳಿ, ತನ್ನ ಟಿಫಿನ್ ಡಬ್ಬಿಯಲ್ಲಿದ್ದ ಪೋಹೆಯನ್ನು ಮುಚ್ಚಳಕ್ಕೆ ಸುರಿದು ಡಬ್ಬಿ ಖಾಲಿ ಮಾಡಿದಳು. ಇನ್ನು ಏನಂತ ಬೈಯುವುದು?

ದೊಡ್ಡ ತುಂಡುಗಳನ್ನು ಬಟ್ಟೆ ಹಿಡಿದು ಎತ್ತಿ. ಸಣ್ಣ ಚೂರುಗಳಿಗೆ ಒಂದು ಉಪಾಯ ಇದೆ. ನನಗೂ ಅವತ್ತೇ ಗೊತ್ತಾಗಿದ್ದು. ಎದುರಿನ ಸೀಟಿನ ಹೆಂಗಸು ವಡಾಪಾವ್ ತಿನ್ನುತ್ತಿದ್ದರು. ವಡೆಯನ್ನು ಬಾಯಿಗೆ ಹಾಕಿಕೊಂಡು ಪಾವನ್ನು ನನ್ನ ಕೈಗಿತ್ತರು. 'ಆಧೀ ಮೋಠೆ ತುಕಡೆ ಉಚಲಾ, ಮಗ್ ಪಾವ್ ದಾಬಾ.' ಮೊದಲು ದೊಡ್ಡದನ್ನು ಎತ್ತು, ಆಮೇಲೆ ಪಾವನ್ನು ಒತ್ತು. ಮೆತ್ತಗಿನ ಪಾವ್ ನೆಲಕ್ಕೆ ಒತ್ತಿದರೆ ಕಣ್ಣಿಗೆ ಕಾಣದ ಚೂರುಗಳೂ ಅದಕ್ಕೆ ಅಂಟಿಕೊಂಡು ಬರುತ್ತವೆ. ಮನೆಯಲ್ಲಾದರೆ ಚಪಾತಿ ಹಿಟ್ಟಿನ ಉಂಡೆ ಸಾಕು. ಯಾರೋ ಪೇಪರ್ ಕೊಟ್ಟರು, ಕ್ಲಿಪ್ ಮಾರುವವಳು ಪ್ಲಾಸ್ಟಿಕ್ ಕವರ್ ಕೊಟ್ಟಳು. ಖಾರದ ನೀರು ಚಪ್ಪಲಿಗೆ ತಾಗಿದ ಅಜ್ಜಿ ಮಾತ್ರ ಭಾಂಡುಪ್‌ವರೆಗೂ ಗೊಣಗಿದರು. ಗೊಣಗಲಿ, ಅವರದೂ ನ್ಯಾಯವೇ. ಮಿಡಿಯನ್ನು ಮಾತ್ರ ಒಂದೂ ಉಳಿಸಿಕೊಳ್ಳಲಿಲ್ಲ. ಚೂರು ಬಿದ್ದ ಮೇಲೆ ತೊಳೆದೂ ತಿನ್ನಬಾರದು.

ಮನೆಗೆ ಬಂದ ಮೇಲೆ ಅವಸರ ಬೇಡ. ನಮ್ಮ ಮಿಡಿಗೆ ಎಣ್ಣೆ ಹಾಕುವುದಿಲ್ಲ, ಆದರೆ ಉಪ್ಪು ಜಾಸ್ತಿ. ಒಡೆದ ಅಂಚಿನೊಳಗೆ ಉಪ್ಪು ಕೂತರೆ ಆಮೇಲೆ ಹರಳುಗಟ್ಟಿ ಅಂಟನ್ನೇ ಎಬ್ಬಿಸುತ್ತದೆ. ಮೂರು ದಿನ ನೀರಲ್ಲಿ ನೆನೆಹಾಕಿ, ದಿನಕ್ಕೆರಡು ಸಲ ನೀರು ಬದಲಿಸಿದೆ. ಆಮೇಲೆ ಫ್ಯಾನ್ ಕೆಳಗೆ ಎರಡು ದಿನ. ಮುಂಬೈ ಮಳೆಯಲ್ಲಿ ಬಿಸಿಲು ಎಲ್ಲಿಂದ ತರುವುದು? ಕೊನೆಗೆ ಅಂಚುಗಳನ್ನೆಲ್ಲ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಒರೆಸಿಕೊಳ್ಳಿ.

ಜಪಾನಿನವರು ಒಡೆದ ಬಟ್ಟಲನ್ನು ಒಂದು ಮರದ ಅಂಟಿನಿಂದ ಕೂಡಿಸಿ, ಬಿರುಕಿನ ಮೇಲೆ ಚಿನ್ನದ ಪುಡಿ ಹಾಕುತ್ತಾರೆ. ಕಿಂತ್ಸುಗಿ ಅಂತ ಹೆಸರು. ಆ ಅಂಟಿಗೆ ಉರುಶಿ ಅನ್ನುತ್ತಾರೆ. ಆ ಮರ ನಮ್ಮ ಮಾವು, ಗೇರುಗಳ ಕುಟುಂಬದ್ದೇ. ಅದರ ಸೊನೆಯೂ ಮೈಗೆ ತಾಗಿದರೆ ಸುಡುತ್ತದೆ. ಮಿಡಿಯ ಪರಿಮಳವೂ ಸೊನೆಯಲ್ಲೇ ಅಲ್ವಾ ಇರುವುದು! ಉರುಶಿ ಗಟ್ಟಿಯಾಗಲು ಗಾಳಿಯಲ್ಲಿ ತೇವ ಬೇಕು. ನಮ್ಮ ಜೂನ್ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ವಾರಗಟ್ಟಲೆ ಕಾಯಬೇಕು, ದುಬಾರಿ ಬೇರೆ. ನಾನು ಎರಡು ಟ್ಯೂಬಿನ ಅರಾಲ್ಡೈಟ್ ಅಂಟು ತಂದೆ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಬಂಗಾರ ಬಣ್ಣದ ಅಭ್ರಕದ ಪುಡಿ ಸಿಕ್ಕಿತು.

ಅಂಟಿಸುವ ಮೊದಲು ಒಮ್ಮೆ ಸುಮ್ನೆ ಟೇಪ್ ಹಾಕಿ ಜೋಡಿಸಿ ನೋಡಿ. ತುಂಡುಗಳಿಗೆ ಪೆನ್ಸಿಲಿನಲ್ಲಿ ನಂಬರ್ ಹಾಕಿ. ಇದನ್ನು ಬಿಟ್ಟರೆ ಕೆಟ್ಟಿರಿ. ಕ್ರಮ ತಪ್ಪಿದರೆ ಕೊನೆಯ ತುಂಡು ಒಳಗೆ ಹೋಗುವುದೇ ಇಲ್ಲ. ನನ್ನ ಆರನೇ ತುಂಡು ಹಾಗೇ ಸತಾಯಿಸಿತು. ಬುಡದಿಂದ ಶುರು ಮಾಡಿ ಮೇಲಕ್ಕೆ ಬನ್ನಿ.

ಕಿಟಕಿ ತೆರೆದು, ಕೈಗವಸು ಹಾಕಿಕೊಳ್ಳಿ. ಎರಡೂ ಟ್ಯೂಬಿನಿಂದ ಸಮ ಸಮ ಹಿಂಡಿ, ಚಿಟಿಕೆ ಪುಡಿ ಸೇರಿಸಿ, ಹಲ್ಲುಕಡ್ಡಿಯಲ್ಲಿ ಚೆನ್ನಾಗಿ ಕಲಸಿ. ತೆಳ್ಳಗೆ ಹಚ್ಚಿ, ಒತ್ತಿ ಹಿಡಿಯಿರಿ. ಬಕೆಟಿನಲ್ಲಿ ಮರಳು ತುಂಬಿ ಅದರಲ್ಲಿ ಹೂತಿಟ್ಟರೆ ತುಂಡು ಜಾರುವುದಿಲ್ಲ. ನಾನು ಮರಳಿಗೆ ಎಲ್ಲಿ ಹೋಗಲಿ ಅಂತ ರೇಷನ್ ಅಕ್ಕಿಯ ಮೇಲೆ ಪ್ಲಾಸ್ಟಿಕ್ ಹಾಸಿ ಇಟ್ಟೆ. ಒಂದು ದಿನ ಮುಟ್ಟಬೇಡಿ. ಬಿರುಕಿನ ಮೇಲಿನ ಗೆರೆಯನ್ನು ಕೊನೆಗೆ, ಸಪೂರ ಬ್ರಶ್ಶಿನಿಂದ, ಇನ್ನೊಮ್ಮೆ ಎಳೆಯಿರಿ. ಕೈ ನಡುಗಿದರೆ ನಡುಗಲಿ. ನನ್ನದರಲ್ಲಿ ಒಂದು ಗೆರೆ ನೇತ್ರಾವತಿಯ ಹಾಗೆ ತಿರುತಿರುಗಿ ಹೋಗಿದೆ. ನನಗೆ ಇಷ್ಟವಾದದ್ದು ಅದೇ.

ಇದರಲ್ಲಿ ಮತ್ತೆ ಉಪ್ಪಿನಕಾಯಿ ಹಾಕಬೇಡಿ. ಈ ಅಂಟು ತಿನ್ನುವ ವಸ್ತುವಿಗೆ ಆಗಿಬರುವುದಿಲ್ಲ. ಈಗ ಅದರಲ್ಲಿ ಸೌಟು, ಲಟ್ಟಣಿಗೆ ಇವೆ. ಕೊರಳ ಬುಡದಲ್ಲಿ ಹುಣಿಸೆ ಬೀಜದಷ್ಟು ಒಂದು ತೂತು ಉಳಿದಿದೆ. ಮನೆಯವರು ತೂತು ಮುಚ್ಚುವ ಎಂಸೀಲ್ ತುಂಬು ಅಂತಾರೆ. ನಾನು ಒಪ್ಪಿಲ್ಲ. ಆ ಚೂರು ಯಾವುದೋ ಸೀಟಿನ ಕಾಲಿಗೆ ಸಿಕ್ಕಿಕೊಂಡು ಠಾಣೆಗೂ ಸಿಎಸ್‌ಎಂಟಿಗೂ ಓಡಾಡುತ್ತಿರಬೇಕು.

ಅಮ್ಮನಿಗೆ ವಿಷಯ ಹೇಳುವ ಧೈರ್ಯ ವಾರವಾದರೂ ಬಂದಿರಲಿಲ್ಲ. ಅವರೇ ಫೋನ್ ಮಾಡಿದರು.

'ಉಪ್ಪಿನಕಾಯಿ ಹೇಗುಂಟು?'

'ಭಾರಿ ಪರಿಮಳ ಅಮ್ಮ. ಇಡೀ ಬೋಗಿಯವರು ಯಾವ ಊರಿನದ್ದು ಅಂತ ಕೇಳಿದರು.'