ಅಮೆರಿಕದ ಆಸ್ಪತ್ರೆ, ಕಚೇರಿಗಳಲ್ಲಿ ಕನ್ನಡ ದುಭಾಷಿಯನ್ನು ಪಡೆಯುವುದು ಹೇಗೆ?

ಮಕ್ಕಳ ಜೊತೆ ಇರಲೆಂದು ಅಮೆರಿಕಕ್ಕೆ ಹೋಗಿ ನೆಲೆಸುವ ಹಿರಿಯರಲ್ಲಿ ಬಹಳ ಮಂದಿ ಅಲ್ಲಿನ ಕಚೇರಿಗಳಲ್ಲಿ ಬಾಯಿಯನ್ನೇ ಬಿಡುವುದಿಲ್ಲ. ಊರಿನಲ್ಲಿ ತಹಶೀಲ್ದಾರರ ಎದುರು ನಿಂತು ಪಹಣಿ ತಿದ್ದಿಸಿಕೊಂಡು ಬಂದವರು ಅಲ್ಲಿ ಮಗನ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಾರೆ. ಮಗ ಮಾತಾಡುತ್ತಾನೆ, ಸೊಸೆ ಸಹಿ ಹಾಕುವ ಜಾಗ ತೋರಿಸುತ್ತಾಳೆ. ಆದರೆ ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಆಸ್ಪತ್ರೆಗಳೂ ಹಲವು ಸರ್ಕಾರಿ ಕಚೇರಿಗಳೂ ತಮ್ಮದೇ ಖರ್ಚಿನಲ್ಲಿ ದುಭಾಷಿಯನ್ನು ಒದಗಿಸುತ್ತವೆ. ಕನ್ನಡಕ್ಕೂ ಸಿಗುತ್ತಾರೆ. ಬಾಯಿಬಿಟ್ಟು ಕೇಳಬೇಕು, ಅಷ್ಟೇ.

ಕಾನೂನಿನ ಬಲ ಎಷ್ಟು?

1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯದ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ರಾಷ್ಟ್ರೀಯ ಮೂಲದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ. ಅದರಲ್ಲಿ ಭಾಷೆಯ ಪ್ರಸ್ತಾಪ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳಿಗೆ ಅರ್ಥವಾಗದ ಇಂಗ್ಲಿಷಿನಲ್ಲೇ ಪಾಠ ಮಾಡುತ್ತಿದ್ದ ಪ್ರಕರಣದಲ್ಲಿ (ಲೌ ವಿರುದ್ಧ ನಿಕೋಲ್ಸ್, 1974) ಅಲ್ಲಿನ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನೇ ಆಧರಿಸಿ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಭಾಷಾ ನೆರವಿನ ದಾರಿ ತೆರೆದದ್ದು ಹಾಗೆ. 2000ದಲ್ಲಿ ಅಧ್ಯಕ್ಷ ಕ್ಲಿಂಟನ್ 13166ನೇ ಆದೇಶದ ಮೂಲಕ ಕೇಂದ್ರದ ಕಚೇರಿಗಳಿಗೂ ಇದನ್ನು ವಿಸ್ತರಿಸಿದರು. 2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿ ಆ ಆದೇಶವನ್ನು ರದ್ದು ಮಾಡಿದರು.

ಹಾಗಾದರೆ ಎಲ್ಲ ಮುಗಿಯಿತೇ ಎಂದು ಕೈಚೆಲ್ಲಬೇಕಿಲ್ಲ. ಈಗ ಕೊಡುತ್ತಿರುವ ಸೇವೆಯನ್ನು ನಿಲ್ಲಿಸಲೇಬೇಕೆಂದು ಹೊಸ ಆದೇಶ ಹೇಳಿಲ್ಲ. ಆ ತೀರ್ಮಾನವನ್ನು ಇಲಾಖೆಗಳ ಮುಖ್ಯಸ್ಥರಿಗೆ ಬಿಟ್ಟಿದೆ. ಸಂಸತ್ತು ಮಾಡಿದ ಕಾಯ್ದೆ ಅಧ್ಯಕ್ಷರ ಆದೇಶದಿಂದ ಬಿದ್ದುಹೋಗುವುದೂ ಇಲ್ಲ. 1964ರ ಕಾಯ್ದೆ ಇದೆ, ಆರೋಗ್ಯ ಸೇವೆಯಲ್ಲಿ ತಾರತಮ್ಯವನ್ನು ನಿಷೇಧಿಸುವ, 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಇದೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಪ್ರತ್ಯೇಕ ಕಾನೂನುಗಳೂ ಇವೆ. ಆದ್ದರಿಂದ ಆಸ್ಪತ್ರೆಯಲ್ಲಿ ಧೈರ್ಯವಾಗಿ ಕೇಳಿ. ಕೇಂದ್ರದ ಕಚೇರಿಗಳಿಗೆ ಹೋಗುವ ಮುನ್ನ ಒಮ್ಮೆ ಫೋನ್ ಮಾಡಿ ವಿಚಾರಿಸಿಕೊಳ್ಳಿ.

ಹೆಜ್ಜೆ 1: ಕೇಳುವಾಗ ಭಾಷೆಯ ಹೆಸರು ಹೇಳಿ

‘ಇಂಡಿಯನ್ ಲ್ಯಾಂಗ್ವೇಜ್’ ಎಂದರೆ ಹಿಂದಿ ದುಭಾಷಿ ಲೈನಿಗೆ ಬರುತ್ತಾರೆ. ಬರಿದೇ ‘ಕನ್ನಡ’ ಎಂದರೆ ಅತ್ತ ಕಡೆಯವರ ಕಿವಿಗೆ ಅದು ಪಕ್ಕದ ದೇಶದ ಹೆಸರಿನಂತೆ ಕೇಳಿಸಿ, ಫ್ರೆಂಚ್ ಬೇಕೇ ಎಂದು ವಿಚಾರಿಸಿದರೂ ಆಶ್ಚರ್ಯವಿಲ್ಲ. ‘ಕನ್ನಡ ಇಂಟರ್‌ಪ್ರಿಟರ್, ಪ್ಲೀಸ್. ಸೌತ್ ಇಂಡಿಯಾ’ ಎಂದು ಹೇಳಿ, ಕೆ-ಎ-ಎನ್-ಎನ್-ಎ-ಡಿ-ಎ ಎಂದು ಅಕ್ಷರ ಬಿಡಿಸಿ. ಮಗಳಿಂದ ಇದನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಹಿಂದಿ ಅಲ್ಪಸ್ವಲ್ಪ ಬರುತ್ತದೆಂದು ಸಂಕೋಚಕ್ಕೆ ಒಪ್ಪಿಕೊಳ್ಳಬೇಡಿ. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಮೂತ್ರಪಿಂಡದ ಸಮಸ್ಯೆ ವಿವರಿಸಲಾಗದು.

ಗೋಡೆಯ ಮೇಲಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ ನಿರಾಶರಾಗಬೇಡಿ. ಆಸ್ಪತ್ರೆಗಳು ಆಯಾ ರಾಜ್ಯದಲ್ಲಿ ಹೆಚ್ಚು ಬಳಕೆಯಲ್ಲಿರುವ 15 ಭಾಷೆಗಳಲ್ಲಿ ಸೂಚನೆ ಹಾಕುತ್ತವೆ. ಹಿಂದಿ, ಗುಜರಾತಿಗೆ ಸಿಗುವ ಜಾಗ ಅಲ್ಲಿ ಕನ್ನಡಕ್ಕೆ ಸಿಗುವುದು ಅಪರೂಪ. ಆ ಪಟ್ಟಿ ಬರಹದ ಸೂಚನೆಗೆ ಮಾತ್ರ ಸಂಬಂಧಿಸಿದ್ದು. ಮಾತಿನ ನೆರವಿಗೆ ಅಂಥ ಮಿತಿ ಇಲ್ಲ.

ಹೆಜ್ಜೆ 2: ಆಸ್ಪತ್ರೆಯಲ್ಲಿ ಮಗನನ್ನು ಮಗನಾಗಿಯೇ ಇರಲು ಬಿಡಿ

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ದುಭಾಷಿ ಬೇಕೆಂದು ಹೇಳಿ. ದಾಖಲೆಯಲ್ಲಿ ಭಾಷೆ ‘ಕನ್ನಡ’ ಎಂದು ನಮೂದಾಗಿದೆಯೇ ಕೇಳಿ. ಫಾರಂ ತುಂಬುವ ಮಕ್ಕಳು ಅಲ್ಲಿ ಅಭ್ಯಾಸಬಲದಿಂದ ‘ಇಂಗ್ಲಿಷ್’ ಎಂದು ಒತ್ತಿಬಿಡುತ್ತಾರೆ, ಮುಂದಿನ ಎಲ್ಲ ತಾಪತ್ರಯವೂ ಅಲ್ಲಿಂದಲೇ ಶುರು.

ಕನ್ನಡ ದುಭಾಷಿ ಖುದ್ದಾಗಿ ಎದುರು ಬಂದು ನಿಲ್ಲುವುದು ಕಡಿಮೆ. ಸಾಮಾನ್ಯವಾಗಿ ಚಕ್ರವಿರುವ ಸ್ಟ್ಯಾಂಡಿಗೆ ಸಿಕ್ಕಿಸಿದ ಟ್ಯಾಬ್ಲೆಟ್ ಒಂದನ್ನು ನರ್ಸ್ ತಳ್ಳಿಕೊಂಡು ಬರುತ್ತಾರೆ, ಇಲ್ಲವೇ ಸ್ಪೀಕರ್ ಫೋನ್ ಇಡುತ್ತಾರೆ. ಆ ಕಡೆಯಿಂದ ಒಬ್ಬರು ನಮಸ್ಕಾರ ಹೇಳಿ ತಮ್ಮ ಗುರುತಿನ ಸಂಖ್ಯೆ ತಿಳಿಸುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ದನಿ ಒಡೆಯುತ್ತಿದ್ದರೆ, ಚಿತ್ರ ನಿಂತು ನಿಂತು ಬರುತ್ತಿದ್ದರೆ ಬೇರೆ ಲೈನ್ ಕೇಳಿ. ಸ್ಪಷ್ಟ ದನಿ, ಚಿತ್ರ ಇರಬೇಕೆಂಬುದು ನಿಯಮದಲ್ಲೇ ಇದೆ.

‘ಮಗ ಇದ್ದಾನಲ್ಲ, ಅವನೇ ಹೇಳಲಿ’ ಎಂದು ಆಸ್ಪತ್ರೆಯವರು ಒತ್ತಾಯಿಸುವಂತಿಲ್ಲ. ದುಭಾಷಿಯನ್ನು ನೀವೇ ಕರೆತನ್ನಿ ಎನ್ನುವಂತೆಯೂ ಇಲ್ಲ. ಅಪ್ರಾಪ್ತ ಮೊಮ್ಮಕ್ಕಳಿಂದ ಹೇಳಿಸುವುದಕ್ಕೆ ಪ್ರಾಣಾಪಾಯದ ಗಳಿಗೆಯಲ್ಲಿ, ದುಭಾಷಿ ತಕ್ಷಣ ಸಿಗುವ ಹಾದಿಯೇ ಇಲ್ಲದಾಗ ಮಾತ್ರ ಅವಕಾಶ. ಮಗನೇ ಹೇಳಲಿ ಎಂದು ನಿಮಗೇ ಅನ್ನಿಸಿದರೆ, ಅವನು ಇಲ್ಲದ ಹೊತ್ತಿನಲ್ಲಿ ಆಸ್ಪತ್ರೆಯವರು ದುಭಾಷಿಯ ಮೂಲಕ ನಿಮ್ಮ ಇಚ್ಛೆಯನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಇಷ್ಟೊಂದು ಬಿಗಿ ಏಕೆ? ತಾಯಿ ಐದು ನಿಮಿಷ ಹೇಳುತ್ತಾರೆ: ‘ಮೊನ್ನೆಯಿಂದ ಎದೆ ಹಿಡಿದಂತಿದೆ, ಮೆಟ್ಟಿಲು ಹತ್ತಿದರೆ ಜಾಸ್ತಿ, ಎಡ ರೆಟ್ಟೆ ಜೋಮು ಬರುತ್ತದೆ, ಗ್ಯಾಸ್ ಇರಬಹುದೆಂದು ಜೀರಿಗೆ ಕಷಾಯ ಕುಡಿದೆ.’ ಮಗ ಎರಡೇ ಪದದಲ್ಲಿ ಮುಗಿಸುತ್ತಾನೆ: ಗ್ಯಾಸ್ ಪ್ರಾಬ್ಲಂ. ಮೆಟ್ಟಿಲೂ ರೆಟ್ಟೆಯೂ ವೈದ್ಯರಿಗೆ ತಲುಪಲೇ ಇಲ್ಲ. ಇನ್ನು ಗರ್ಭಕೋಶದ ತೊಂದರೆಯನ್ನು ಯಾವ ತಾಯಿ ಮಗನ ಮೂಲಕ ಹೇಳಿಸಿಯಾಳು? ಕೆಟ್ಟ ಸುದ್ದಿಯಾದರೆ ಮಕ್ಕಳು ನಡುವೆಯೇ ತಡೆದು ನಿಲ್ಲಿಸುತ್ತಾರೆ, ಪ್ರೀತಿಯಿಂದಲೇ. ಮಗ ಹೊರಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಲಿ.

ದುಭಾಷಿ ಇರುವಾಗ ವೈದ್ಯರನ್ನೇ ನೋಡಿ ಮಾತಾಡಿ. ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ. ತಾರೀಖು ಹೇಳುವಾಗ ತಿಂಗಳ ಹೆಸರನ್ನೇ ಹೇಳಿ. ಅಲ್ಲಿ ತಿಂಗಳು ಮೊದಲು ಬರುವುದರಿಂದ 5/8 ಎಂದರೆ ಮೇ 8. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತೋರಿಸಲು ನಾವು ಹಾಕುವ ‘ಹೂಂ, ಹೂಂ’ ಅವರಿಗೆ ಒಪ್ಪಿಗೆಯಂತೆ ಕಾಣುತ್ತದೆ. ಶಸ್ತ್ರಚಿಕಿತ್ಸೆಯ ಪತ್ರ ಮುಂದಿಟ್ಟಾಗ ಹೂಂಗುಟ್ಟುವುದನ್ನು ಬಿಟ್ಟು, ಪೂರ್ತಿ ಕನ್ನಡದಲ್ಲಿ ಓದಿ ಹೇಳಿಸಿ ಎಂದು ಕೇಳಿ. ದುಭಾಷಿ ಮಂಗಳೂರಿನವರಾಗಿ ನೀವು ಕಲಬುರಗಿಯವರಾದರೆ ಮಾತು ಕೆಲವೊಮ್ಮೆ ತೊಡರುತ್ತದೆ. ತಿಳಿಯಲಿಲ್ಲ ಎನ್ನಲು ನಾಚಿಕೆ ಬೇಡ.

ದುಭಾಷಿಗೆ ಶುಲ್ಕವಿಲ್ಲ. ಚಿಕಿತ್ಸೆಯ ಬಿಲ್ ಬೇರೆ, ಅದು ಬಂದೇ ಬರುತ್ತದೆ.

ಹೆಜ್ಜೆ 3: ಫೋನಿನಲ್ಲಿ ಮೌನವೂ ಕೆಲಸ ಮಾಡುತ್ತದೆ

ಪಿಂಚಣಿ ಮುಂತಾದವನ್ನು ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಸಂಖ್ಯೆ 1-800-772-1213. ಯಂತ್ರ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತದೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡೂ ಬಾರದವರಿಗೆ ಇಲಾಖೆಯೇ ಕೊಟ್ಟಿರುವ ಸಲಹೆ ವಿಚಿತ್ರವಾದರೂ ಸರಳ: ಏನೂ ಮಾತಾಡದೆ ಲೈನಿನಲ್ಲೇ ಇರಿ. ಸಿಬ್ಬಂದಿ ಬಂದಾಗ ಭಾಷೆಯ ಹೆಸರು ಹೇಳಿದರೆ ಅವರೇ ದುಭಾಷಿಯನ್ನು ಜೋಡಿಸುತ್ತಾರೆ. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಸಂಖ್ಯೆ 1-800-633-4227. ಅಲ್ಲಿಯೂ ಭಾಷೆಯ ಹೆಸರು ಹೇಳಿ ದುಭಾಷಿ ಕೇಳಬಹುದು. ತುರ್ತು ಕರೆ 911ಕ್ಕೆ ಮಾಡಿದಾಗ ಭಾಷೆಯ ಹೆಸರು, ಮನೆಯ ವಿಳಾಸ ಇವೆರಡನ್ನು ಹೇಳಿ, ಫೋನ್ ಇಡಬೇಡಿ.

ಹೆಜ್ಜೆ 4: ವಲಸೆ ಕಚೇರಿಯಲ್ಲಿ ಲೆಕ್ಕ ತಿರುವುಮುರುವು

ಇಲ್ಲಿ ಎಡವುವವರು ಹೆಚ್ಚು. ವಲಸೆ ನ್ಯಾಯಾಲಯದಲ್ಲಿ ಸರ್ಕಾರವೇ ದುಭಾಷಿಯನ್ನು ಕೊಡುತ್ತದೆ. ಆದರೆ ಪೌರತ್ವ, ವಲಸೆ ಅರ್ಜಿಗಳನ್ನು ನೋಡುವ ಯುಎಸ್‌ಸಿಐಎಸ್ ಕಚೇರಿಯಲ್ಲಿ ನಡೆಯುವ ಪೌರತ್ವದ ಸಂದರ್ಶನಕ್ಕೆ ದುಭಾಷಿಯನ್ನು ನೀವೇ ಕರೆದೊಯ್ಯಬೇಕು. ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇರುವುದು 50 ತುಂಬಿ 20 ವರ್ಷ, ಇಲ್ಲವೇ 55 ತುಂಬಿ 15 ವರ್ಷ ಗ್ರೀನ್ ಕಾರ್ಡ್‌ನಲ್ಲಿ ಇದ್ದವರಿಗೆ. ಅರ್ಜಿ ಹಾಕುವ ದಿನಕ್ಕೆ ಈ ವಯಸ್ಸು, ವರ್ಷ ಎರಡೂ ತುಂಬಿರಬೇಕು. ಅಂಥವರು ಅಮೆರಿಕದ ಇತಿಹಾಸ, ಆಡಳಿತದ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರಿಸಬಹುದು. 65 ತುಂಬಿ 20 ವರ್ಷ ಆದವರು ಪ್ರಶ್ನೆಪಟ್ಟಿಯಲ್ಲಿ ಗುರುತು ಹಾಕಿದ 20 ಪ್ರಶ್ನೆಗಳನ್ನಷ್ಟೇ ಓದಿಕೊಂಡರೆ ಸಾಕು. ಕೇಳುವುದು ಹತ್ತು, ಆರು ಸರಿಯಾದರೆ ಪಾಸು. ದುಭಾಷಿಯಾಗಿ ನಿಮ್ಮ ವಕೀಲರನ್ನು ಕರೆದೊಯ್ಯಬೇಡಿ, ಒಪ್ಪುವುದಿಲ್ಲ. ಎರಡೂ ಭಾಷೆ ಚೆನ್ನಾಗಿ ಬಲ್ಲ, ಫೋಟೊ ಇರುವ ಗುರುತಿನ ಚೀಟಿಯುಳ್ಳ ವಯಸ್ಕರಾಗಿರಲಿ. ನನ್ನ ಮಟ್ಟಿಗೆ ಕನ್ನಡ ಸಂಘದ ಪರಿಚಿತರು ಮಗನಿಗಿಂತ ವಾಸಿ. ಉತ್ತರವನ್ನು ತಾವೇ ಹೇಳಿಬಿಡುವ ಆತುರ ಅವರಿಗಿರುವುದಿಲ್ಲ.

ಹೆಜ್ಜೆ 5: ಕನ್ನಡ ಕಾಗದಪತ್ರ

ಹಳೆಯ ಜನನ ಪ್ರಮಾಣಪತ್ರ, ಮದುವೆ ನೋಂದಣಿ ಕನ್ನಡದಲ್ಲಿದ್ದರೆ ಪೂರ್ತಿ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಅನುವಾದ ಪೂರ್ಣವೂ ಸರಿಯೂ ಆಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಬರೆದು ಸಹಿ ಮಾಡಬೇಕು. ನೋಟರಿ ಬೇಕೆಂದು ಯುಎಸ್‌ಸಿಐಎಸ್ ನಿಯಮದಲ್ಲಿಲ್ಲ. ‘ಪೂರ್ಣ’ ಎಂದರೆ ಗ್ರಾಮ ಪಂಚಾಯಿತಿಯ ದುಂಡು ಮೊಹರು, ಷರಾ ಕಾಲಂನಲ್ಲಿ ಗೀಚಿದ ಎರಡು ಸಾಲು, ಹಿಂಬದಿಯ ಬರಹ ಎಲ್ಲವೂ. ಹೆಸರಿನ ಕಾಗುಣಿತವನ್ನು ಪಾಸ್‌ಪೋರ್ಟಿನ ಜೊತೆ ಹೋಲಿಸಿ ನೋಡಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದಿರುವುದು ನಮ್ಮವರಲ್ಲಿ ಮಾಮೂಲು. ಹಾಗಿದ್ದರೆ ಅನುವಾದದಲ್ಲಿ ತಿದ್ದಲು ಹೋಗಬೇಡಿ. ಇದ್ದದ್ದನ್ನು ಇದ್ದಂತೆ ಅನುವಾದಿಸಿ, ವ್ಯತ್ಯಾಸಕ್ಕೆ ಬೇರೆ ಅಫಿಡವಿಟ್ ಕೊಡಿ.

ದುಭಾಷಿಯನ್ನು ಕೊಡದಿದ್ದರೆ

ಮೊದಲು ಮೇಲ್ವಿಚಾರಕರನ್ನು ಕೇಳಿ. ಆಸ್ಪತ್ರೆಗಳಲ್ಲಿ ರೋಗಿಗಳ ದೂರು ಕೇಳಲೆಂದೇ ಒಬ್ಬರು ಇರುವುದುಂಟು. ತಾರೀಖು, ಹೊತ್ತು, ಯಾರು ಏನೆಂದರು ಎಂಬುದನ್ನು ಅಂದೇ ಬರೆದಿಡಿ. ಕೋರ್ಟಿಗೆ ಹೋಗುವುದು ಸುಲಭವಲ್ಲ: ಇಂಗ್ಲಿಷಿನಲ್ಲಿ ಮಾತ್ರ ಚಾಲನಾ ಪರೀಕ್ಷೆ ನಡೆಸುತ್ತಿದ್ದ ಅಲಬಾಮಾ ರಾಜ್ಯದ ಪ್ರಕರಣದಲ್ಲಿ 2001ರಲ್ಲಿ ಬಂದ ತೀರ್ಪಿನ ನಂತರ, ಉದ್ದೇಶಪೂರ್ವಕ ತಾರತಮ್ಯವೆಂದು ತೋರಿಸಲಾಗದಿದ್ದರೆ ಖಾಸಗಿ ವ್ಯಕ್ತಿಗಳು 1964ರ ಕಾಯ್ದೆಯಡಿ ದಾವೆ ಹೂಡಲಾಗದು. ಆರೋಗ್ಯ ಸೇವೆಯ ದೂರು ಕೇಂದ್ರ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ಹೋಗಬೇಕು. ಅಂಚೆಯಲ್ಲೂ ಕಳಿಸಬಹುದು, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಘಟನೆ ನಡೆದ 180 ದಿನಗಳ ಒಳಗೆ ಸಲ್ಲಿಸಿ.