ಲುಹರ್ ಮತ್ತು ಅಸರ್ ನಡುವಿನ ತರಗತಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ, ಕಡಲ ಬದಿಯ ಒಂದು ವಾರ್ಡಿನಲ್ಲಿ ಸಾಕ್ಷರತಾ ಪ್ರೇರಕಿಯಾಗಿ ಸೇರಿದಾಗ ನಾನು ಮಾಡಿದ ಮೊದಲ ತಪ್ಪೆಂದರೆ, ಶಾಲೆ ಬಿಟ್ಟವರಿಗಾಗಿ ಇರುವ ಹತ್ತನೆಯ ತರಗತಿಯ ತತ್ಸಮಾನ ಕೋರ್ಸಿಗೆ ಹೆಸರು ಕೊಡುವಂತೆ ಮನೆಮನೆಗೆ ಹೋಗಿ ಸೊಸೆಯಂದಿರ ಜೊತೆ ಮಾತ್ರ ಮಾತನಾಡಿ ಬಂದದ್ದು. ಎಲ್ಲರೂ ಒಪ್ಪಿದರು, ಆದರೆ ಭಾನುವಾರ ಬೆಳಿಗ್ಗೆ ಒಬ್ಬರೂ ಬರಲಿಲ್ಲ. ಅವರ ಧರ್ಮವೋ ಗಲ್ಫಿನಲ್ಲಿರುವ ಗಂಡಂದಿರೋ ಅಡ್ಡಿಯಾಗಿರಬೇಕೆಂದು ನಾನೂ ಊಹಿಸಿಕೊಂಡೆ. ಅದೇ ಮುಸ್ಲಿಂ ಸಮುದಾಯದಲ್ಲಿ ಹುಟ್ಟಿದ ನನಗೆ ಇಷ್ಟು ಸುಲಭದ ಊಹೆ ಹೇಗೆ ಬಂತೆಂದು ಈಗ ನಾಚಿಕೆಯಾಗುತ್ತದೆ. ಎರಡನೆಯ ಸುತ್ತಿನಲ್ಲಿ ಅತ್ತೆಯಂದಿರನ್ನು ಕೇಳಿದಾಗ ಒಬ್ಬ ಹಿರಿಯರು, "ಟೀಚರೇ, ಬೆಳಿಗ್ಗೆ ಕರೆದರೆ ಯಾರು ಬರುತ್ತಾರೆ? ಲುಹರ್ ಕಳೆದು ಅಸರ್ ಬಾಂಗ್ ಆಗುವವರೆಗೆ ಮನೆಯಲ್ಲಿ ಯಾರಿಗೂ ಯಾರೂ ಬೇಡ" ಎಂದರು. ಅಂದಿನಿಂದ ತರಗತಿಯನ್ನು ಮಧ್ಯಾಹ್ನದ ಮತ್ತು ಇಳಿಹೊತ್ತಿನ ಆ ಎರಡು ನಮಾಜುಗಳ ನಡುವೆ, ಅವರದೇ ಮನೆಯ ಜಗಲಿಯಲ್ಲಿ ನಡೆಸಿದೆವು.

1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನಲ್ಲಿ ಕೇರಳವನ್ನು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಿದವರು ಮಲಪ್ಪುರದ ಚೇಲಕ್ಕೋಡನ್ ಆಯಿಷಾ, ವಯಸ್ಸಾದ ಮೇಲೆ ಅಕ್ಷರ ಕಲಿತ ಮುಸ್ಲಿಂ ಮಹಿಳೆ. ಈ ಸಂಗತಿ ಹೇಳಿದಾಗ ಜಗಲಿಯಲ್ಲಿದ್ದವರಲ್ಲಿ ಹಿರಿಯರಿಗೇ ಹೆಚ್ಚು ಉತ್ಸಾಹ ಬಂತು. ಅವರನ್ನು ಅನಕ್ಷರಸ್ಥರೆನ್ನುವುದೂ ಸರಿಯಲ್ಲ. ಮದ್ರಸದಲ್ಲಿ ಅರಬಿ ಲಿಪಿಯ ಮಲಯಾಳವನ್ನು ಕಲಿತವರು ಸಂತರನ್ನು ಸ್ತುತಿಸುವ ಮಾಲೆಪಾಟುಗಳನ್ನು ತಡವರಿಸದೆ ಓದುತ್ತಿದ್ದರು; ಕನ್ನಡ ಪುಸ್ತಕವನ್ನು ಮಾತ್ರ ಅಭ್ಯಾಸಬಲದಿಂದ ಹಿಂದಿನ ಪುಟದಿಂದ ತೆರೆಯುತ್ತಿದ್ದರು. ಅಂಥವರಿಗೆ ನಾಲ್ಕನೆಯ ತರಗತಿಯ ತತ್ಸಮಾನದಿಂದ ಆರಂಭಿಸಿ, ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತು ಬಿಟ್ಟಿದ್ದವರನ್ನು ನೇರವಾಗಿ ಹತ್ತಕ್ಕೆ ಸೇರಿಸಿದೆವು.

ನಿಜವಾದ ತೊಡಕು ಬಂದದ್ದು ಪಾಠದಲ್ಲಿ ಅಲ್ಲ, ಅರ್ಜಿಯಲ್ಲಿ. ನಫೀಸ ಎಂಬ ಹೆಸರನ್ನೇ ತೆಗೆದುಕೊಳ್ಳಿ: ಕನ್ನಡ ಶಾಲೆಯ ದಾಖಲೆಯಲ್ಲಿ ಅದು ನಫೀಸತ್ ಆಗಿರುತ್ತದೆ, ಮಲಯಾಳದ ರೇಷನ್ ಕಾರ್ಡಿನಲ್ಲಿ ನಬೀಸ ಆಗಿರುತ್ತದೆ, ಆಧಾರಿನಲ್ಲಿ ಇವೆರಡರಲ್ಲಿ ಒಂದಕ್ಕೆ ತಂದೆಯ ಅಥವಾ ಗಂಡನ ಹೆಸರಿನ ಮೊದಲಕ್ಷರ ಸೇರಿಕೊಂಡಿರುತ್ತದೆ. ಹೆಂಗಸಿನ ಹೆಸರನ್ನು ಬರೆದುಕೊಳ್ಳುವಾಗ ಅವಳನ್ನೇ ಕೇಳುವ ರೂಢಿ ಇಲ್ಲದಿದ್ದುದರ ಫಲ ಇದು. ಓದಿದ ಶಾಲೆಯಿಂದ ಪ್ರವೇಶ ದಾಖಲೆಯ ಪ್ರತಿ ತರಿಸಿ, ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ, ಈ ಹೆಸರುಗಳೆಲ್ಲ ಒಬ್ಬಳದೇ ಎಂದು ವಿಲೇಜ್ ಆಫೀಸಿನಿಂದ 'ವನ್ ಆಂಡ್ ಸೇಮ್' ಸರ್ಟಿಫಿಕೇಟ್ ಪಡೆಯುವ ಕೆಲಸವನ್ನು ಮೊದಲ ವರ್ಷ ಪರೀಕ್ಷೆ ಹತ್ತಿರ ಬಂದಾಗ ಮಾಡಲು ಹೋಗಿ ಇಬ್ಬರಿಗೆ ಪರೀಕ್ಷೆ ತಪ್ಪಿಹೋಯಿತು. ಅವರಲ್ಲಿ ಒಬ್ಬರು ಮತ್ತೆ ಬರಲೇ ಇಲ್ಲ. ಅದು ನನ್ನ ಅಜಾಗರೂಕತೆ.

ಪಾಠದ ಜೊತೆಗೆ ಹೊಲಿಗೆಯ ಕೆಲಸವೂ ಆರಂಭವಾದದ್ದು ಕುಟುಂಬಶ್ರೀಯ ಅಯಲ್‌ಕೂಟದ, ಎಂದರೆ ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪಿನ ಮೂಲಕ. ಸೂಜಿ ಹಿಡಿಯುವುದನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿರಲಿಲ್ಲ, ಏಕೆಂದರೆ ಹಿಂದಿನ ತಲೆಮಾರಿನ ಅನೇಕರು ಗಲ್ಫಿಗೆ ಹೋಗುತ್ತಿದ್ದ, ನಮಾಜಿಗೆ ಹಾಕುವ ತಳಂಗರೆ ಟೊಪ್ಪಿಯನ್ನು ಮನೆಯಲ್ಲೇ ಕೈಯಿಂದ ಹೊಲಿದವರು. ಯಂತ್ರದ ಟೊಪ್ಪಿ ಬಂದು ಆ ಬೇಡಿಕೆ ಕುಸಿಯಿತು. ಅವರಿಗೆ ತಿಳಿಯದಿದ್ದುದು ಲೆಕ್ಕ. ಟೊಪ್ಪಿಯ ಮಜೂರಿಯನ್ನು ಮಧ್ಯವರ್ತಿ ಹೇಳುತ್ತಿದ್ದ, ಇವರು ಪಡೆಯುತ್ತಿದ್ದರು. ಕೂಟದ ಸಾಲದಿಂದ ಮೂರು ಮೆಷಿನ್ ತಂದು ಶಾಲಾ ಸಮವಸ್ತ್ರದ ಮೊದಲ ಆರ್ಡರ್ ಹಿಡಿದಾಗ ಹನ್ನೊಂದು ಅಂಗಿಗಳು ಎದೆಯಲ್ಲಿ ಬಿಗಿಯಾದವು: ಮೂವತ್ತು ಇಂಚಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ ಏಳೂವರೆ ಎಂದು ಸರಿಯಾಗಿಯೇ ಗುರುತು ಹಾಕಿದ್ದರು, ಸಡಿಲಕ್ಕೂ ಹೊಲಿಗೆಗೂ ಸೇರಿಸಬೇಕಾದ ಅಳತೆಯನ್ನು ಬಿಟ್ಟಿದ್ದರು. ಬಟ್ಟೆಯ ನಷ್ಟ ಕೂಟವೇ ಹೊತ್ತಿತು. ಮರುವಾರದಿಂದ ಗಣಿತದ ಪಾಠವನ್ನು ಕತ್ತರಿ ಮೇಜಿನ ಮೇಲೆಯೇ ಮಾಡಿದೆ. ಇಂಚಿನ ಎಂಟು ಗೆರೆಗಳ ಮೇಲೆ ಭಿನ್ನರಾಶಿ ಕಲಿತವರಿಗೆ ಪಠ್ಯಪುಸ್ತಕದ ಮೂರು ಅಧ್ಯಾಯಗಳು ಹಗುರವಾದವು. ಬೀಜಗಣಿತ ಮಾತ್ರ ಹಗುರವಾಗಲಿಲ್ಲ, ಅದಕ್ಕೆ ನನ್ನಲ್ಲಿ ಮೇಜೂ ಇರಲಿಲ್ಲ.

ಹೊಲಿಗೆಯ ಕೂಲಿಯನ್ನು ಅವರವರ ಬ್ಯಾಂಕ್ ಖಾತೆಗೇ ಹಾಕಬೇಕೆಂದು ಕೂಟದ ಸಭೆಯಲ್ಲಿ ಹಟ ಹಿಡಿದೆ. ಕೆಲವರಿಗೆ ನಗದೇ ಅನುಕೂಲವಾಗಿತ್ತು, ಅವರ ಮಾತಿನಲ್ಲೂ ಹುರುಳಿತ್ತು: ನಗದು ಕೈಗೆ ಬಂದರೆ ಮನೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ, ಖಾತೆಗೆ ಬಂದರೆ ಗಂಡನ ಫೋನಿಗೆ ಮೆಸೇಜ್ ಹೋಗುತ್ತದೆ. ಖಾತೆಗೆ ಜೋಡಿಸಿದ ನಂಬರು ಯಾರದೆಂದು ನೋಡಬೇಕೆಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ನಂಬರು ಬದಲಿಸಲು ಬ್ಯಾಂಕಿಗೆ ಹೋದಾಗ ಮತ್ತೆ ಅದೇ ಹೆಸರಿನ ತಕರಾರು.

ಹಾಗಾಗಿ ಈ ವರ್ಷ ಹೊಸದಾಗಿ ಸೇರಿದವರಿಗೆ ಮೊದಲ ದಿನ ಪುಸ್ತಕ ಕೊಟ್ಟಿಲ್ಲ. ಶಾಲೆಯ ದಾಖಲೆ, ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್ಕುಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು, ತಮ್ಮ ಹೆಸರು ಎಲ್ಲೆಲ್ಲಿ ಹೇಗಿದೆಯೆಂದು ಅವರೇ ಓದಿ, ಯಾವುದು ಬೇಕೆಂದು ಅವರೇ ಬರೆದುಕೊಟ್ಟರು. ಒಬ್ಬರು ನಾಲ್ಕನ್ನೂ ಹೊಡೆದುಹಾಕಿ ಉಮ್ಮ, ಅಂದರೆ ತಾಯಿ, ಕರೆಯುತ್ತಿದ್ದ ಹೆಸರನ್ನು ಬರೆದರು; ಅದಕ್ಕೆ ಯಾವ ದಾಖಲೆಯೂ ಇಲ್ಲವೆಂದು ವಿವರಿಸುವಷ್ಟರಲ್ಲಿ ಅಸರ್ ಬಾಂಗ್ ಆಯಿತು.