ಎಪಿಯು ಸ್ಟಾರ್ಟ್ ಆಗದಿದ್ದಾಗ ನಾನು ಹೇಗೆ ಹುಡುಕುತ್ತೇನೆ

ವಿಮಾನ ಹತ್ತುವಾಗ ಬಾಲದ ಕಡೆಯಿಂದ ಕೀರಲು ಸದ್ದು ಬರುತ್ತದಲ್ಲ, ಅದು ಎಪಿಯು. ರೆಕ್ಕೆಯ ಇಂಜಿನ್‌ಗಳು ಆಫ್ ಇದ್ದರೂ ಕರೆಂಟ್ ಮತ್ತು ಒತ್ತಡದ ಗಾಳಿ ಕೊಡುವ ಸಣ್ಣ ಟರ್ಬೈನ್ ಇಂಜಿನ್. ನಾನು ಬೆಂಗಳೂರಲ್ಲಿ ಲೈನ್ ಮೇಂಟೆನೆನ್ಸ್ ಮಾಡುತ್ತೇನೆ. ಅಂದರೆ ಹಾರಾಟಗಳ ನಡುವೆ ವಿಮಾನದ ತಪಾಸಣೆ, ರಿಪೇರಿ. ಕೈಗೆ ಸಿಗುವುದು ಜಾಸ್ತಿ ಏರ್‌ಬಸ್ ಎ320.

ಅದರ ಎಪಿಯು ಒಳಗೆ ಒಂದೇ ಶಾಫ್ಟ್. ಟರ್ಬೈನ್ ತಿರುಗಿದರೆ ಗಾಳಿಗೆ ಒತ್ತಡ ಕೊಡುವ ಲೋಡ್ ಕಂಪ್ರೆಸರ್ ತಿರುಗುತ್ತದೆ, ಗೇರ್‌ಬಾಕ್ಸ್ ಮೂಲಕ 90 ಕೆವಿಎ ಜನರೇಟರ್ ಕೂಡ ತಿರುಗುತ್ತದೆ. ಅದರಿಂದ 115 ವೋಲ್ಟ್, 400 ಹರ್ಟ್ಸ್ ಕರೆಂಟ್. ಕಂಪ್ರೆಸರ್ ಗಾಳಿ ಎಸಿಗೆ ಹೋಗುತ್ತದೆ, ಮುಖ್ಯ ಇಂಜಿನ್ ಸ್ಟಾರ್ಟ್ ಮಾಡಲೂ ಅದೇ ಬೇಕು.

ಒಂದು ರಾತ್ರಿ ಬಂದ ವಿಮಾನದ ಟೆಕ್ ಲಾಗ್‌ನಲ್ಲಿ, ಅಂದರೆ ದೋಷ ಬರೆದಿಡುವ ಪುಸ್ತಕದಲ್ಲಿ, 'ಎಪಿಯು ಆಟೋ ಶಟ್‌ಡೌನ್' (ಎಪಿಯು ತಾನಾಗಿ ನಿಂತಿತು) ಎಂದಿತ್ತು. ಸುಮ್ನೆ ಮತ್ತೆ ಮತ್ತೆ ಬಟನ್ ಒತ್ತಬಾರದು. ಮೂರು ಸಲ ಸ್ಟಾರ್ಟರ್ ಓಡಿಸಿದರೆ ಆಮೇಲೆ 60 ನಿಮಿಷ ಕಾಯಬೇಕು, ಇಲ್ಲದಿದ್ದರೆ ಮೋಟಾರ್ ಸುಟ್ಟುಹೋಗುತ್ತದೆ.

ಹಾಗಾಗಿ ಒಂದೇ ಸಲ ಪ್ರಯತ್ನಿಸಿದೆ, ಕಣ್ಣು ಪರದೆಯ ಮೇಲೆ. ಮಾಸ್ಟರ್ ಸ್ವಿಚ್ ಹಾಕಿದೆ. 'ಫ್ಲಾಪ್ ಓಪನ್' ಬಂತು, ಅಂದರೆ ಗಾಳಿ ಒಳಬರುವ ಬಾಗಿಲು ಸರಿಯಿದೆ. ಸ್ಟಾರ್ಟ್ ಒತ್ತಿದೆ. ಎನ್, ಅಂದರೆ ತಿರುಗುವ ವೇಗ, ಸೊನ್ನೆ ಬಿಟ್ಟು ಏಳಲಿಲ್ಲ. ಇಜಿಟಿ, ಅಂದರೆ ಹೊರಬರುವ ಬಿಸಿ ಗಾಳಿಯ ತಾಪಮಾನ, ಅದೂ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಫಾಲ್ಟ್ ದೀಪ.

ಈ ಎರಡು ಅಂಕಿಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ. ಎನ್ ಏರಿ ಇಜಿಟಿ ಏರದಿದ್ದರೆ ಬೆಂಕಿ ಹತ್ತಿಲ್ಲ, ಇಗ್ನೈಟರ್ ಅಥವಾ ಇಂಧನದ ಕಡೆ ನೋಡಬೇಕು. ಇಜಿಟಿ ಏರಿ ಎನ್ ನಡುವೆ ಸಿಕ್ಕಿಕೊಂಡರೆ ಬೇರೆ ಕಥೆ. ಎರಡೂ ಸತ್ತಂತಿದ್ದರೆ ಬೆಂಕಿಯವರೆಗೆ ವಿಷಯ ಹೋಗೇ ಇಲ್ಲ. ಕಾಕ್‌ಪಿಟ್‌ನ ಎಂಸಿಡಿಯು (ಕೀಲಿಗಳಿರುವ ಸಣ್ಣ ಕಂಪ್ಯೂಟರ್ ಪರದೆ) ವರದಿಯಲ್ಲೂ 'ನೋ ಆಕ್ಸಿಲರೇಷನ್', ಅಂದರೆ ವೇಗ ಏರಲಿಲ್ಲ, ಎಂದೇ ಇತ್ತು. ಬ್ಯಾಟರಿ ವೋಲ್ಟೇಜ್ ಚೆನ್ನಾಗಿತ್ತು. ಉಳಿದದ್ದು ಸ್ಟಾರ್ಟರ್ ಮೋಟಾರ್ ಮತ್ತು ಅದಕ್ಕೆ ಕರೆಂಟ್ ಬರುವ ದಾರಿ. ಬೈಕಿನ ಸೆಲ್ಫ್ ಇದ್ದ ಹಾಗೆ: ಅದು ಶಾಫ್ಟನ್ನು ಸುಮಾರು ಅರ್ಧ ವೇಗದವರೆಗೆ ತಳ್ಳಿ ಕೈಬಿಡುತ್ತದೆ.

ಮೊದಲು ಕರೆಂಟ್ ಕಡಿಯುವ ಬ್ರೇಕರ್ ಎಳೆದು, ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಟ್ಯಾಗ್ ಹಾಕಿದೆ. ಒಳಗೆ ಕೈ ಇರುವಾಗ ಯಾರೋ ಸ್ವಿಚ್ ಒತ್ತಿದರೆ ಮುಗೀತಲ್ವಾ? ಆಮೇಲೆ ಸ್ಟ್ಯಾಂಡ್ ಹತ್ತಿ ಬಾಲದ ಕೆಳಗಿನ ಬಾಗಿಲು ತೆಗೆದೆ. ಮೋಟಾರ್‌ನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡುಗಳೇ ಬ್ರಷ್. ಮೋಟಾರ್ ಮೇಲಿರುವ ಬ್ರಷ್ ಸವೆತದ ಸೂಚಕ ನೋಡಿದರೆ ಬ್ರಷ್ ಪೂರ್ತಿ ಸವೆದಿತ್ತು. ಸ್ಟೋರ್‌ನಿಂದ ಹೊಸ ಮೋಟಾರ್ ತರಿಸಿ ಕೂರಿಸಿದೆ. ಜಾಗ ಎಷ್ಟು ಇಕ್ಕಟ್ಟು ಅಂದರೆ ಬಿಚ್ಚುವುದಕ್ಕಿಂತ ಕೈ ತೂರಿಸುವುದೇ ಕಷ್ಟ.

ಮತ್ತೆ ಸ್ಟಾರ್ಟ್. ಎನ್ ಏರಿತು, ಇಜಿಟಿ ಜಿಗಿದು ಮತ್ತೆ ಇಳಿದು ನಿಂತಿತು, ಎಪಿಯು ಸಿದ್ಧ ಎನ್ನುವ ಹಸಿರು 'ಅವೈಲ್' ದೀಪ ಬಂತು. ಜನರೇಟರ್, ಬ್ಲೀಡ್ (ಕಂಪ್ರೆಸರ್‌ನ ಒತ್ತಡದ ಗಾಳಿ) ಎರಡೂ ಹಾಕಿ ಲೋಡ್ ಕೊಟ್ಟು ನೋಡಿದೆ. ಸೋರಿಕೆ ಇರಲಿಲ್ಲ.

ಆಫ್ ಮಾಡುವಾಗಲೂ ಅವಸರ ಬೇಡ. ಬ್ಲೀಡ್ ಬಳಸಿದ್ದರೆ ಎಪಿಯು ಸ್ವಲ್ಪ ಹೊತ್ತು ತಾನೇ ಓಡಿ ತಣ್ಣಗಾಗುತ್ತದೆ. ಅವೈಲ್ ಆರಿದ ಮೇಲೂ ಎರಡು ನಿಮಿಷ ಬಿಟ್ಟು ಬ್ಯಾಟರಿ ತೆಗೆಯಬೇಕು. ಫ್ಲಾಪ್ ಮುಚ್ಚುವ ಮೊದಲೇ ತೆಗೆದರೆ ಮುಂದಿನ ಹಾರಾಟದಲ್ಲಿ ಕ್ಯಾಬಿನ್‌ಗೆ ಹೊಗೆ ಬರಬಹುದು.